ನನ್ನ ಜೀವ, ನನ್ನ ಸಹಿ

ಗುರುವಾರ ಬೆಳಿಗ್ಗೆ ಏಳು ಗಂಟೆ ನಲವತ್ತೆರಡು ನಿಮಿಷಕ್ಕೆ, ನೀರು ಪರೀಕ್ಷಾ ಪ್ರಯೋಗಾಲಯದ ಹಿರಿಯ ಪರೀಕ್ಷಕಿ ಗೋಡೆ ಗಡಿಯಾರಕ್ಕೆ ಹಾಕಲು ಬ್ಯಾಟರಿ ಬೇಕೆಂದು ಗಂಡನ ಮೇಜಿನ ಖಾನೆಯನ್ನು ತಡಕಾಡುತ್ತಿದ್ದಳು. ಬ್ಯಾಟರಿ ಸಿಗಲಿಲ್ಲ. ಸಿಕ್ಕಿದ್ದು ಅವಳ ಸಾವು.

ಅಂದರೆ, ನೀಲಿ ರಟ್ಟಿನ, ಮೂವತ್ತನಾಲ್ಕು ಪುಟದ ಒಂದು ಜೀವವಿಮಾ ಪಾಲಿಸಿ. ‘ವಿಮೆಗೆ ಒಳಪಟ್ಟ ಜೀವ’ ಎಂಬಲ್ಲಿ ಅವಳ ಹೆಸರು. ‘ಹಣ ಪಡೆಯುವವರು’ ಎಂಬಲ್ಲಿ ಗಂಡನ ಹೆಸರು. ‘ಇದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ’ ಎಂಬ ಸಾಲಿನ ಕೆಳಗೆ ಅವಳ ಸಹಿ. ಆ ಸಹಿಯನ್ನು ಅವಳು ಜನ್ಮದಲ್ಲಿ ಮೊದಲ ಸಲ ನೋಡುತ್ತಿದ್ದಳು. (ಅವಳ ಸಹಿಯ ಕೊನೆಗೆ ಒಂದು ಚುಕ್ಕೆ ಇರುತ್ತದೆ. ಇಲ್ಲಿ ಎರಡಿದ್ದವು. ವರದಿಯಲ್ಲಿ ಒಂದು ಚುಕ್ಕೆ ಜಾಗ ತಪ್ಪಿದರೆ ಇಡೀ ಬಡಾವಣೆಯ ನೀರು ನಿಲ್ಲಿಸುವ ಹೆಂಗಸು ಅವಳು.)

“ರೀ!”

ಬಚ್ಚಲುಮನೆಯ ಬಾಗಿಲು ಅರ್ಧ ತೆರೆಯಿತು. ಮುಖದ ತುಂಬ ಸೋಪಿನ ನೊರೆ ಬಳಿದುಕೊಂಡು ಗಂಡ ಇಣುಕಿದ. ಕನ್ನಡಕದ ಅಂಗಡಿ ಇಟ್ಟುಕೊಂಡು, ತನ್ನ ಕನ್ನಡಕ ಎಲ್ಲಿಟ್ಟೆನೆಂದು ದಿನಾ ಮನೆಯೆಲ್ಲ ಹುಡುಕುವ ಪುಣ್ಯಾತ್ಮ.

“ನನ್ನ ಮೇಲೆ ವಿಮೆ ಮಾಡ್ಸಿದೀರಾ?”

“ಓ, ಅದಾ... ಸಿಕ್ತಾ?”

“ನನ್ನನ್ನ ಒಂದು ಮಾತು ಕೇಳ್ಲಿಲ್ಲ!”

“ಕೇಳೋಣ ಅಂತಲೇ ಒಳಗೆ ಬಂದೆ ಕಣೇ. ನೀನು ವಾಷಿಂಗ್ ಮಷೀನ್ ರಿಪೇರಿಯವನ ಹತ್ರ ಜಗಳ ಆಡ್ತಿದ್ದೆ. ಹೊರಗೆ ಏಜೆಂಟು ಕಾಯ್ತಿದ್ದ, ನಿನ್ನ ಸಹಿನೂ ನಾನೇ ಹಾಕ್ಬಿಟ್ಟೆ. ಪಾಪ, ನಮ್ಮಂಗಡೀಲಿ ನಾಲ್ಕು ಕನ್ನಡಕ ತಗೊಂಡಿದಾನೆ, ನಾನು ಒಂದು ಪಾಲಿಸಿನಾದ್ರೂ ತಗೋಬೇಡ್ವಾ?”

“ಅಂದ್ರೆ ನಾನು ಸತ್ತರೆ ನಿಮಗೆ ಲಾಭ!”

“ನೀನೆಲ್ಲಿ ಸಾಯ್ತೀಯಾ ಬಿಡು” ಎಂದ ಗಂಡ. ಸಮಾಧಾನಕ್ಕೆಂದೇ ಹೇಳಿದ್ದು. ಹಾಗೆ ಕೇಳಿಸಲಿಲ್ಲ.

“ಪರೀಕ್ಷೆಗೆ ಅಂತ ಯಾರ ಮನೆ ನಲ್ಲಿಯಿಂದ ಒಂದು ಬಾಟಲಿ ನೀರು ಹಿಡ್ಕೊಳ್ಳೋಕೂ ನಾನು ಆ ಮನೆಯವರ ಒಪ್ಪಿಗೆ ಕೇಳ್ತೀನಿ, ಸಹಿ ಹಾಕಿಸ್ಕೋತೀನಿ. ನಲ್ಲಿ ನೀರಿಗಿರೋ ಮರ್ಯಾದೆ ನನ್ನ ಜೀವಕ್ಕಿಲ್ವಾ?”

ತಿಂಡಿ ತಿನ್ನುತ್ತಲೇ ಅವಳು ಮೂವತ್ತನಾಲ್ಕು ಪುಟವನ್ನೂ ಓದಿ ಮುಗಿಸಿದಳು. (ಈ ಸಾಧನೆ ಮಾಡಿದ ಮೊದಲ ಮಾನವ ಜೀವಿ ಅವಳೇ ಇರಬೇಕು, ಬರೆದವರೂ ಓದಿರಲಿಕ್ಕಿಲ್ಲ.) ಆಮೇಲೆ ಹನ್ನೊಂದು ಅಂಶಗಳ ಒಂದು ದೂರುಪತ್ರ ಬರೆದು, ಅರ್ಧ ದಿನ ರಜೆ ಹಾಕಿ, ಅಂಗಡಿಯ ಷಟರ್ ಎಳೆಸಿ, ಗಂಡನನ್ನು ಸಾಕ್ಷ್ಯವಸ್ತುವಿನಂತೆ ಹಿಡಿದುಕೊಂಡು ವಿಮಾ ಕಚೇರಿಗೆ ನಡೆದಳು.

ಕೌಂಟರಿನ ಅಧಿಕಾರಿಣಿ ಮೆಲುದನಿಯ ಹೆಂಗಸು. ಪತ್ರವನ್ನು ಓದಿ, ಗಂಡನತ್ತ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟರು.

“ಎರಡು ದಾರಿ ಇದೆ ಮೇಡಂ. ಪಾಲಿಸಿ ಕೈಗೆ ಬಂದು ಮೂವತ್ತು ದಿನ ಆಗಿಲ್ಲ. ನಿಮ್ಮ ಯಜಮಾನರು ‘ಬೇಡ’ ಅಂತ ಬರೆದುಕೊಟ್ಟರೆ ರದ್ದು. ನಾವು ಕಾರಣ ಕೇಳಲ್ಲ.”

“ಅದೇ ಸಾಕು ಕಣೇ” ಎಂದು ಗಂಡ ಪೆನ್ನಿಗೆ ಕೈ ಹಾಕಿದ.

“ನೀವು ಸುಮ್ನಿರಿ. ಎರಡನೇದು?”

“ಒಪ್ಪಿಗೆಯೇ ಇರಲಿಲ್ಲ ಅಂತ ನೀವು ಹೇಳಿಕೆ ಕೊಡೋದು. ಯಾರ ಜೀವದ ಮೇಲೆ ವಿಮೆಯೋ ಅವರು ಒಪ್ಪದಿದ್ದರೆ ಆ ಪಾಲಿಸಿ ಹುಟ್ಟೇ ಇಲ್ಲ ಅಂತ ಲೆಕ್ಕ. ಆದರೆ ಆಗ ನಿಮ್ಮ ಮನೆಯ ಎಲ್ಲಾ ಪಾಲಿಸಿಗಳ ಸಹಿಯನ್ನೂ ಪರಿಶೀಲಿಸಬೇಕಾಗುತ್ತೆ.”

“ಎರಡನೇದೇ ಆಗ್ಲಿ!”

ಗಂಡ ಅವಳ ಮೊಣಕೈ ಚಿವುಟಿದ. “ಬೇಡ ಕಣೇ. ಸುಮ್ನೆ ವಾಪಸ್ ಕೊಟ್ಟು ಹೋಗೋಣ, ನನ್ನ ಮಾತು ಕೇಳು.”

“ಈಗ ಯಾಕೆ ಬೆವರ್ತೀರಾ? ಇದು ತತ್ವದ ಪ್ರಶ್ನೆ! ಎಷ್ಟು ಪಾಲಿಸಿ ಇದೆಯೋ ಅಷ್ಟನ್ನೂ ತೆಗೆಸಿ ನೋಡಿ ಮೇಡಂ. ಇವರು ಇನ್ನೂ ಏನೇನು ಮಾಡಿಟ್ಟಿದಾರೋ!”

ಇದ್ದದ್ದು ಇನ್ನೊಂದೇ. ಆರು ವರ್ಷದ ಹಿಂದೆ ಹೆಂಡತಿ, ಗಂಡನ ಜೀವದ ಮೇಲೆ ಮಾಡಿಸಿದ್ದು. ಅಧಿಕಾರಿಣಿ ಆ ಕಡತವನ್ನು ಬಿಡಿಸಿ, ಗಂಡನಿಂದ ಖಾಲಿ ಹಾಳೆಯ ಮೇಲೆ ಒಂದು ಸಹಿ ಹಾಕಿಸಿಕೊಂಡರು. ಹಾಳೆಯ ಮೇಲೆ ಬಾಚಣಿಗೆಯಿಂದ ಉದುರಿದ ಕೂದಲಿನಂಥ ಒಂದು ಗೆರೆ ಮೂಡಿತು. ಕಡತದಲ್ಲಿದ್ದದ್ದು ಮುತ್ತು ಪೋಣಿಸಿದಂಥ ದುಂಡಕ್ಷರ.

ಪರೀಕ್ಷಕಿಗೆ ಆಗ ನೆನಪಾಯಿತು. ಅರ್ಜಿಯ ಕೊನೆಯ ದಿನ. ಗಂಡ ಪರವೂರಿನಲ್ಲಿ ಕಣ್ಣು ತಪಾಸಣೆ ಶಿಬಿರದಲ್ಲಿದ್ದ.

“ಇದು ನಿಮ್ಮ ಸಹಿನಾ ಸಾರ್?”

“ನಂದೇ” ಎಂದ ಗಂಡ, ಹಿಂದೆಮುಂದೆ ನೋಡದೆ. “ಆಗ ನನ್ನ ಕೈ ಚೆನ್ನಾಗಿತ್ತು.”

“ಹಾಗಾದ್ರೆ ಇನ್ನೊಂದ್ಸಲ ಹಾಗೇ ಹಾಕಿ.”

ಗಂಡ ನಾಲಿಗೆ ಕಚ್ಚಿಕೊಂಡು ಮೂರು ಸಲ ಪ್ರಯತ್ನಿಸಿದ. ಮೂರು ಕೂದಲು ಉದುರಿದವು.

“ಅದು ಬೇರೆ ವಿಷಯ ಮೇಡಂ” ಎಂದು ಪರೀಕ್ಷಕಿ ಬಾಯಿ ಹಾಕಿದಳು. ಅವಳ ದನಿ ಒಂದು ಮೆಟ್ಟಿಲು ಇಳಿದಿತ್ತು. “ಇವರು ಊರಲ್ಲಿರ್ಲಿಲ್ಲ. ಇವರ ಒಳ್ಳೇದಕ್ಕೇ ಮಾಡ್ಸಿದ್ದು. ಕೇಳಿದ್ರೂ ಹೂಂ ಅಂತಿದ್ರು.”

“ಇವರೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ರು ಅಂತ ನಿಮ್ಮ ದೂರಿನಲ್ಲೇ ಇದೆಯಲ್ವಾ? ನಿಮ್ಮ ಪತ್ರದ ನಾಲ್ಕನೇ ಅಂಶದಲ್ಲಿ ನೀವೇ ಬರೆದಿದ್ದೀರಿ: ‘ಒಳ್ಳೆಯ ಉದ್ದೇಶವು ಒಪ್ಪಿಗೆಗೆ ಬದಲಿಯಲ್ಲ.’ ತುಂಬಾ ಸ್ಪಷ್ಟವಾಗಿದೆ.” ಅಧಿಕಾರಿಣಿಯ ಮುಖದಲ್ಲಿ ನಿಜವಾದ ಮೆಚ್ಚುಗೆಯಿತ್ತು. “ಹಾಗಾಗಿ ಎರಡೂ ರದ್ದು.”

ಆರು ವರ್ಷ ತಪ್ಪದೆ ಕಂತು ಕಟ್ಟಿಕೊಂಡು ಬಂದ ಪಾಲಿಸಿ! ಅವಳ ಕಣ್ಣು ತುಂಬಿತು. ಗಂಡ ಜೇಬಿನಿಂದ ಕನ್ನಡಕ ಒರೆಸುವ ಬಟ್ಟೆ ತೆಗೆದು ಅವಳ ಕೈಗಿಟ್ಟ.

“ಅಳಬೇಡ ಬಿಡೇ. ಹೊಸದು ಮಾಡ್ಸಿದ್ರಾಯ್ತು. ನಾನೇ ಸಹಿ ಹಾಕ್ತೀನಿ, ನಿನ್ನಾಣೆ.”

“ಇನ್ನೊಂದೇ ಒಂದು ಪ್ರಶ್ನೆ” ಎಂದು ಅಧಿಕಾರಿಣಿ ನಮೂನೆ ತಿರುವಿದರು. “ಯಜಮಾನರ ಪರವಾಗಿ, ಅವರನ್ನು ಕೇಳದೆ, ನೀವು ಸಹಿ ಮಾಡಿದ್ದು ಇದೊಂದೇ ಸಲ ತಾನೇ?”

“ಒಂದೇ ಸಲ ಅಂತ ಹೇಳು” ಎಂದು ಗಂಡ ಪಿಸುಗುಟ್ಟಿದ.

ಆದರೆ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಅವಳು ಒಂದು ಅಳತೆಯನ್ನೂ ಅಂದಾಜಿನಲ್ಲಿ ಬರೆದವಳಲ್ಲ. ಕಣ್ಣೊರೆಸಿಕೊಂಡು ಛಾವಣಿಯತ್ತ ನೋಡಿದಳು. ಮಗಳ ಶಾಲೆಯ ಅಂಕಪಟ್ಟಿಗಳು, ಪಾರ್ಸೆಲ್ಲಿನವರ ಪುಸ್ತಕ, ಬ್ಯಾಂಕಿನ ನಮೂನೆಗಳು, ಕಟ್ಟಡದ ಸಂಘದ ಸಭೆಗೆ ಗಂಡ ಹಾಜರಿದ್ದ ದಾಖಲೆ, ಅತ್ತಿಗೆಗೆ ಗಂಡ ಬರೆದ ಕ್ಷಮಾಪಣೆ ಪತ್ರ... ತುಟಿ ಅಲ್ಲಾಡಿಸುತ್ತಾ ಒಂದೊಂದನ್ನೇ ಕೂಡಿದಳು. ಆಮೇಲೆ ಇಡೀ ಕಚೇರಿಗೆ ಕೇಳಿಸುವಂತೆ, ವರದಿ ಓದುವ ದನಿಯಲ್ಲಿ ಹೇಳಿದಳು:

“ಇನ್ನೂರ ಹದಿನೇಳು.”