ಮದ್ದಿಗೆ ಕಸಿ ಕಟ್ಟುವ ಭಾವ

ಆ ದಿನ ವಾಮದಪದವಿನ ಅಕ್ಕನ ಮನೆಯ ಜಗಲಿಯಲ್ಲಿದ್ದದ್ದು ಅಕ್ಕ, ನಾನು, ಅಡಿಕೆಗೆ ಮದ್ದು ಬಿಡಲು ಬಂದ ಬಾಬಣ್ಣ ಮತ್ತು ಭಾವ. ಭಾವ ಇದ್ದರು ಎನ್ನುವುದು ಮರ್ಯಾದೆಯ ಮಾತು. ಕುರ್ಚಿಯಲ್ಲಿದ್ದದ್ದು ದೇಹ ಮಾತ್ರ, ಮನಸ್ಸು ಅವರು ರಸಾಯನಶಾಸ್ತ್ರ ಕಲಿಸುವ ಮೂಡುಬಿದಿರೆಯ ಕಾಲೇಜಿನ ಪ್ರಯೋಗಾಲಯದಲ್ಲಿತ್ತು. ನಮ್ಮ ಭಾವನಷ್ಟು ಮದ್ದು ಮಾಡಿದವರು ಸುತ್ತ ಮೂರು ತಾಲೂಕಿನಲ್ಲಿಲ್ಲ. ಅದರಿಂದ ಗುಣವಾದವರೂ ಇಲ್ಲ!

ಕ್ಯಾನ್ಸರಿನ ಮದ್ದಿಗೆ ಲೋಹವನ್ನು ಕಸಿ ಕಟ್ಟುವುದು ಅವರ ಹುಚ್ಚು. ಕಾಳುಮೆಣಸಿನ ಬಳ್ಳಿಯನ್ನು ಗಟ್ಟಿ ಬೇರಿನ ಕಾಡುಬಳ್ಳಿಗೆ ಕಟ್ಟುವುದಿಲ್ಲವೇ, ಹಾಗೆ. ಒಂದೇ ಅಣು, ಎರಡು ಮದ್ದಿನ ಕೆಲಸ. ಕೇಳಲು ಎಷ್ಟು ಸುಲಭ! ಕಟ್ಟಿದ್ದು ಮಾತ್ರ ಹೆಚ್ಚಾಗಿ ಸೀಸೆಯ ತಳದಲ್ಲಿ ಕಂದು ಕೆಸರಾಗಿ ಕೂರುತ್ತದೆ.

"ಯಾವ ಲೋಹ ಮಾಸ್ಟ್ರೇ?" ಎಂದ ಬಾಬಣ್ಣ.

"ಸದ್ಯ ತಾಮ್ರ."

"ಮೈಲುತುತ್ತಿನದ್ದಾ? ಕೊಳೆರೋಗಕ್ಕೆ ನಾವು ಬಿಡುವುದು ಅದೇ ಅಲ್ವಾ ಮಾರಾಯ್ರೆ!"

ಭಾವ ಕುರ್ಚಿಯಿಂದ ಹಾರಿದರು. "ನೋಡಿ! ನಮ್ಮ ಪ್ರಿನ್ಸಿಪಾಲರಿಗೆ ನಾಲ್ಕು ವರ್ಷದಲ್ಲಿ ಅರ್ಥ ಆಗದ್ದು ಬಾಬಣ್ಣನಿಗೆ ಒಂದು ವೀಳ್ಯ ಜಗಿಯುವಷ್ಟರಲ್ಲಿ ಆಯ್ತು!"

"ಹಾಗಾದ್ರೆ ಮನುಷ್ಯರಿಗೆ ಬಿಡ್ಬಹುದಾ?"

"ಇಲ್ಲಪ್ಪ, ಇನ್ನೂ ಇಲಿಯವರೆಗೂ ತಲುಪಲಿಲ್ಲ."

"ಇಲಿಗೆ ಎಂತ ಬರಗಾಲ? ನಮ್ಮ ಅಟ್ಟದಲ್ಲಿ ಬೇಕಾದಷ್ಟು ಉಂಟು!"

ಪುಂಜಾಲಕಟ್ಟೆಯ ಒಂದು ಮದುವೆಯೂಟದಲ್ಲಂತೂ ಭಾವ ಬಾಳೆಲೆಯ ಮೇಲೆ ಉಪ್ಪಿನಕಾಯಿ ಹೋಳನ್ನು ಲೋಹವೆಂದು ನಡುವೆ ಕೂರಿಸಿ, ಸುತ್ತ ಮದ್ದೆಂದು ನಾಲ್ಕು ಗೋಡಂಬಿ ಜೋಡಿಸಿ ನನಗೆ ಪಾಠ ಶುರುಮಾಡಿದರು. ಬಡಿಸುವವರು ಬಂದು ಅದರ ಮೇಲೆಯೇ ಪಾಯಸ ಸುರಿದರು. "ಛೆ, ಇದು ದ್ರವದಲ್ಲಿ ನಿಲ್ಲುವುದಿಲ್ಲ" ಎಂದು ಭಾವ ಪ್ರಯೋಗವನ್ನೇ ತಿಂದು ಮುಗಿಸಿದರು.

ಕಳೆದ ವರ್ಷ ಅಕ್ಕನಿಗೇ ಆ ಕಾಯಿಲೆ ಬಂತು. ಮಂಗಳೂರಿನಲ್ಲಿ ಅವಳ ನರಕ್ಕೆ ಹನಿಹನಿಯಾಗಿ ಇಳಿದದ್ದೂ ಲೋಹದ ಮದ್ದೇ, ಪ್ಲಾಟಿನಮ್ಮಿನದು; ಭಾವ ಹುಟ್ಟುವ ಮೊದಲೇ ಬೇರೆ ಯಾರೋ ಕಂಡುಹಿಡಿದದ್ದು.

"ನೋಡು ಮಾರಾಯ, ಇಷ್ಟು ವರ್ಷ ಒಂದು ಬಳೆ ಮಾಡಿಸದವರು ಈಗ ಪ್ಲಾಟಿನಮ್ಮೇ ಕೊಡಿಸಿದ್ರು!" ಎಂದು ಅಕ್ಕ ನಕ್ಕಳು.

ನಗು ಊಟದವರೆಗೆ ಉಳಿಯಲಿಲ್ಲ. ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ ಎಂದು ಗಂಜಿಯ ಬಟ್ಟಲನ್ನೂ ದೂಡಿಬಿಟ್ಟಳು. ಹೀಗೆ ತೂಕ ಇಳಿದರೆ ಮುಂದಿನ ಮದ್ದು ಕೊಡಲಿಕ್ಕಾಗುವುದಿಲ್ಲ ಎಂದರು ಡಾಕ್ಟರು.

ಭಾವ ಅಡುಗೆಮನೆಯ ಸ್ಟೀಲ್ ಪಾತ್ರೆ, ಚಮಚಗಳನ್ನೆಲ್ಲ ಗೋಣಿಯಲ್ಲಿ ಕಟ್ಟಿ ಹೊರಗಿಟ್ಟರು. ಕಾಲೇಜಿಗೆ ರಜೆ ಹಾಕಿ, ತೆಂಗಿನ ಗೆರಟೆಯೊಂದನ್ನು ಇಡೀ ದಿನ ಮರಳುಕಾಗದದಲ್ಲಿ ಉಜ್ಜಿ ನಯವಾದ ಚಮಚ ಮಾಡಿದರು. ಅದರಲ್ಲಿ ಅಕ್ಕ ನಾಲ್ಕು ಸಲ ಗಂಜಿ ಕುಡಿದಳು. ಐದನೆಯದಕ್ಕೆ "ಉಪ್ಪು ಕಡಿಮೆ" ಎಂದು ಬೈದಳು. ಉಪ್ಪು ತರಲು ಒಳಗೆ ಹೋದ ಭಾವ ಬಹಳ ಹೊತ್ತು ಹೊರಗೆ ಬರಲಿಲ್ಲ.

ಸೋಮವಾರ, ಮುಂದಿನ ಮದ್ದಿಗೆ ಡಾಕ್ಟರು ಹೇಳಿದ ದಿನಕ್ಕೇ, ಇಬ್ಬರೂ ಮಂಗಳೂರಿನ ಬಸ್ಸು ಹತ್ತಿದರು.