ಅಕ್ಕನ ಬೆನ್ನೂ ನನ್ನ ಎಡಗಾಲೂ

ದೇವರು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿರುತ್ತಾನೆ. ಕೆಲವರಿಗೆ ಕಂಠ, ಕೆಲವರಿಗೆ ತಲೆ. ನನಗೆ ಕೊಟ್ಟದ್ದು ಎಡಗಾಲು. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವನು ನಾನು. ಅಂಥವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು ಕೊಟ್ಟೂರಿನ ಮಂಡಕ್ಕಿ ಭಟ್ಟಿಯಲ್ಲಿ ಚೀಲ ಹೊರುವ ನನ್ನನ್ನು ಯಾರೂ ಯಾವುದಕ್ಕೂ ಕೇಳುವುದಿಲ್ಲ. ಸೊಂಟ ಹಿಡಿದಾಗ ಮಾತ್ರ ನನಗೆ ಅಕ್ಷರ ಕಲಿಸಿದ ಮಾಸ್ತರೂ ಬಂದು ನಮ್ಮ ಹೊಸ್ತಿಲಲ್ಲಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಬೆತ್ತ ಹಿಡಿದವರಿಗೇ ಒದ್ದು, ಅವರಿಂದಲೇ "ಆರಾಮಾತಪ್ಪಾ" ಅನ್ನಿಸಿಕೊಂಡವನು ಈ ಸೀಮೆಯಲ್ಲಿ ಇನ್ನೊಬ್ಬನಿರಲಾರ.

ಇಂಥವನ ಅಕ್ಕನಿಗೇ ಸೊಂಟ ನೋವು ಬಂದರೆ ಡಾಕ್ಟರ ಬಾಗಿಲಿಗೆ ಹೋಗುವುದುಂಟೇ? ಮನೆಯಲ್ಲಿ ನಾವಿಬ್ಬರೇ. ಅವಳು ಹೊಲಿಗೆಯವಳು, ಕಾಲಿನಿಂದ ತುಳಿಯುವ ಹಳೆಯ ಮಷೀನೇ ಅವಳ ಜೀವ. ಸೊಂಟದಿಂದ ಹಿಮ್ಮಡಿಯವರೆಗೂ ಸೆಳೆಯುತ್ತದೆ ಎಂದಳು. ಒದ್ದೆ. ಕಡಿಮೆಯಾಗಲಿಲ್ಲ. ಮತ್ತೆ ಒದ್ದೆ. "ಲೇ ತಮ್ಮಾ, ಕಾಲು ಜೋಮು ಹಿಡಿದಂಗ ಆಗೈತಿ" ಎಂದಾಗ, "ಹಿಡಿತ ಬಿಡಾಕತ್ತೈತಿ, ಅದಕ್ಕ ಹಂಗಾಗ್ತೈತಿ" ಎಂದು ಪಂಡಿತನಂತೆ ಹೇಳಿದೆ. ನಡೆಯುವಾಗ ಚಪ್ಪಲಿ ಜಾರಿ ಹಿಂದೆ ಉಳಿದದ್ದು ಅವಳಿಗೆ ತಿಳಿಯದೇ ಹೋದಾಗಲೂ ಅದನ್ನೇ ಹೇಳಿದೆ. ನಿಜ ಹೇಳುತ್ತೇನೆ, ಅಷ್ಟೊತ್ತಿಗೆ ನನಗೆ ಭಯ ಹುಟ್ಟಿತ್ತು. ಆದರೆ ಇಡೀ ಓಣಿ ನಂಬಿದ ಕಾಲಿನ ಮರ್ಯಾದೆ ಕಳೆಯಲು ಮನಸ್ಸು ಬರಲಿಲ್ಲ.

ಪೆಡಲ್ ಮೇಲೆ ಇಟ್ಟ ಕಾಲು ಇಟ್ಟಲ್ಲೇ ಉಳಿದ ದಿನ ದಾವಣಗೆರೆಗೆ ಹೋದೆವು. ಬೆನ್ನುಮೂಳೆಯ ಕೆಳಗಿನ ಎಲುಬುಗಳ ನಡುವಿನ ಮೆತ್ತೆ ಜರುಗಿ ಕಾಲಿನ ನರವನ್ನು ಒತ್ತಿದೆ ಎಂದರು ಡಾಕ್ಟರು. "ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ಕೇಳಿದರು. ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ. ಅಕ್ಕ ನನ್ನ ಕಡೆ ನೋಡದೆ, "ಹೊಲಿಯೋ ಕೆಲಸ ಬಾಳ ಇತ್ರಿ" ಅಂದಳು. ಅವಳು ಅಲ್ಲೇ ನನ್ನ ಮಾನ ತೆಗೆದಿದ್ದರೆ ನಾನು ಈಗ ನೆಮ್ಮದಿಯಾಗಿ ಉಣ್ಣುತ್ತಿದ್ದೆ.

ಆಪರೇಷನ್ ಆಯಿತು. ನೋವು ಇಳಿಯಿತು, ಕಾಲಿನ ಬಲ ಮಾತ್ರ ಬರಲಿಲ್ಲ. ಬಂದರೂ ಬರಬಹುದು, ಬರದೆಯೂ ಇರಬಹುದು, ವ್ಯಾಯಾಮ ಬಿಡಬೇಡಿ ಎಂದಿದ್ದಾರೆ. ಸೊಂಟಕ್ಕೆ ಬೆಲ್ಟು, ಕೈಗೆ ಕೋಲು ಬಂದಿವೆ. ಮಷೀನು ತುಳಿಯುವುದು ಈಗ ನನ್ನ ಕೆಲಸ. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಬಟ್ಟೆ ಅವಳ ಕೈಯಲ್ಲಿ, ವೇಗ ನನ್ನ ಕಾಲಲ್ಲಿ. "ಮೆಲ್ಲಕ ತುಳಿಯೋ, ಅದು ಜಂಪರಿನ ತೋಳು, ಮಾಸ್ತರ ಬೆನ್ನಲ್ಲ" ಅನ್ನುತ್ತಾಳೆ. ಎಷ್ಟು ಮೆಲ್ಲಗೆ ತುಳಿದರೂ ತೋಳು ಸೊಟ್ಟಗಾಗುತ್ತದೆ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬೇರೆ ಕಡೆ ಹೋಗುತ್ತಿದ್ದಾರೆ.

ಮೊನ್ನೆ ಕಿರಾಣಿ ಅಂಗಡಿಯ ಶಿವಣ್ಣ ಸೊಂಟ ಹಿಡಿದುಕೊಂಡು ಬಂದ. "ಒಂದು ಒದಿ ಹಾಕಪ್ಪಾ."

"ಬಿಟ್ಟೀನಣ್ಣ. ದವಾಖಾನಿಗೆ ಹೋಗು."

"ಕಾಲಿಗೆ ಸೊಕ್ಕು ಬಂದೈತಿ ನಿಂದು" ಎಂದು ಗೊಣಗುತ್ತ ಹೋದ. ಒಳಗಿಂದ ಅಕ್ಕ, "ಈ ಮಾತು ಮೊದಲ ಬಂದಿದ್ರ ಚಲೋ ಇತ್ತು" ಅಂದಳು. ಅಷ್ಟೇ ಅಂದದ್ದು. ಅದರ ಬದಲು ಲಟ್ಟಣಿಗೆ ಎಸೆದಿದ್ದರೂ ಆಗುತ್ತಿತ್ತು.

ದಿನಾ ಸಂಜೆ ಅವಳನ್ನು ಮಂಚದ ಅಂಚಿಗೆ ಕೂರಿಸಿ ಪಾದ ಎತ್ತಿಸುತ್ತೇನೆ. ಅದು ಒದ್ದೆ ಬಟ್ಟೆಯಂತೆ ಜೋತು ಬೀಳುತ್ತದೆ. ನಿನ್ನೆ ಒಂದು ಉಪಾಯ ಹೊಳೆಯಿತು. ಅವಳ ಕಾಲಿನ ಮುಂದೆ ನೆಲದ ಮೇಲೆ ಬೆನ್ನು ಕೊಟ್ಟು ಕೂತೆ.

"ಒದಿ ಅಕ್ಕ. ನನ್ನ ಮ್ಯಾಲ ಸಿಟ್ಟಿಲ್ಲೇನು?"



"ಸಿಟ್ಟು ಐತಲೇ" ಅಂದಳು. "ಕಾಲಿಲ್ಲ."

ಊರಿಗೆಲ್ಲ ಒದ್ದವನು ಈಗ ಒಂದು ಒದೆಗಾಗಿ ಬೆನ್ನು ಕೊಟ್ಟು ಕಾಯುತ್ತಿದ್ದೇನೆ. ಇವತ್ತು ಸಂಜೆಯೂ ಕೂರುತ್ತೇನೆ.