ಒಂಬತ್ತು ಲಕ್ಷ ಒಂಬತ್ತು ಸಾವಿರದ ತೊಂಬತ್ತೊಂದು

ದೊಡ್ಡ ಸಂಖ್ಯೆಯೊಂದನ್ನು ತಲೆಯಲ್ಲಿಟ್ಟುಕೊಂಡು ಮಂಗಳೂರಿನಲ್ಲಿ ಓಡಾಡಿದರೆ ಯಾರಾದರೊಬ್ಬರು ಅಡ್ಡ ಬಂದೇ ಬರುತ್ತಾರೆ. ನನಗೆ ಮೂರು ದಿನಗಳಲ್ಲಿ ಸಾಕುಸಾಕಾಯಿತು.

ಮದ್ರಾಸಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದು ಎಂಟು ತಿಂಗಳಾಗಿತ್ತು. ಕೆಲಸವಿರಲಿಲ್ಲ. ನಾನು ಹಿಂದೆ ಓದಿದ ಕಾಲೇಜಿನಲ್ಲಿ ಗಣಿತದ ಟ್ಯೂಟರ್ ಹುದ್ದೆ ಖಾಲಿಯಾಯಿತು. ಅರ್ಜಿ ಹಾಕಿದವರು ಇಬ್ಬರು. ಶುಕ್ರವಾರ ಪ್ರೊಫೆಸರರು ಇಬ್ಬರಿಗೂ ಒಂದೇ ಚೀಟಿ ಕೊಟ್ಟರು: ‘೯,೦೯,೦೯೧. ಅವಿಭಾಜ್ಯವೋ ಅಲ್ಲವೋ? ಸೋಮವಾರ ಹೇಳಿ.’

ಇದರ ವರ್ಗಮೂಲ ೯೫೩ ಚಿಲ್ಲರೆ. ಅಷ್ಟರೊಳಗಿನ ಅವಿಭಾಜ್ಯ ಸಂಖ್ಯೆಗಳು ೧೬೨. ಒಂದೊಂದರಿಂದಲೂ ಭಾಗಿಸಿ ನೋಡಬೇಕು. ಶುರುಮಾಡಿದೆ.

೧. ಅಮ್ಮ

ಕಾಗದ ಮುಗಿದು ಜಗಲಿಯ ಗೋಡೆಗೆ ಇದ್ದಿಲು ಹಿಡಿದಾಗ ಅಮ್ಮ ಬಂದರು.

‘ಎಂತ ಇದು?’

‘ಒಂಬತ್ತು ಲಕ್ಷ ಒಂಬತ್ತು ಸಾವಿರದ ತೊಂಬತ್ತೊಂದು.’

‘ಎಂತದ್ದು ಅಷ್ಟು? ತೆಂಗಿನಕಾಯಿಯಾ, ಹಂಚಾ?’

‘ಎಂತದ್ದೂ ಅಲ್ಲ ಅಮ್ಮ. ಬರೀ ಸಂಖ್ಯೆ.’

ಅಮ್ಮ ಗೋಡೆ ನೋಡಿದರು, ನನ್ನನ್ನು ನೋಡಿದರು.

‘ಎಂತದ್ದೂ ಇಲ್ಲ ಅಂತಾದರೆ ಅದು ಸೊನ್ನೆಯಲ್ಲವಾ ಮಗಾ?’

೨. ಕೂಳೂರಿನ ದೋಣಿ

ಶನಿವಾರ ಅಕ್ಕನ ಮನೆಗೆ ಹೋಗಬೇಕಾಗಿ ಬಂತು. ಹೊಳೆ ದಾಟುವ ದೋಣಿಯಲ್ಲೂ ತುಟಿ ಅಲ್ಲಾಡುತ್ತಿತ್ತು. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡಿದ್ದ ಮೀನಿನ ಹೆಂಗಸು ಕೇಳಿದಳು, ‘ಎಂತ, ಜಪವಾ?’

‘ಅಲ್ಲ, ಭಾಗಾಕಾರ. ಎರಡರಿಂದ, ಮೂರರಿಂದ, ಐದರಿಂದ, ಏಳರಿಂದ ಭಾಗಿಸಿದರೂ ಒಂದು ಉಳಿಯುತ್ತದೆ.’

‘ಉಳಿಯಲಿ. ನಮ್ಮಲ್ಲಿ ಬಲೆಯ ಮೀನು ಪಾಲು ಮಾಡಿ ಉಳಿದದ್ದು ದೋಣಿಯ ಯಜಮಾನನಿಗೆ. ಜಗಳವೇ ಇಲ್ಲ.’

‘ಇದಕ್ಕೆ ಯಜಮಾನ ಯಾರೂ ಇಲ್ಲ.’

‘ಯಜಮಾನ ಇಲ್ಲದ್ದನ್ನು ನೀನು ಯಾಕೆ ಪಾಲು ಮಾಡುವುದು ಮಾರಾಯ?’

೩. ಪೊಲೀಸು

ಭಾನುವಾರ ಹಂಪನಕಟ್ಟೆಯಲ್ಲಿ ಒಂದು ಮರದಡಿ ಕೂತು ಬರೆಯುತ್ತಿದ್ದೆ. ಸ್ವಾತಂತ್ರ್ಯ ಚಳವಳಿಯ ಕಾಲ. ಪೊಲೀಸಿನವನೊಬ್ಬ ಕಾಗದ ಕಿತ್ತುಕೊಂಡ.

‘ಇದು ಎಂತ ಗುಟ್ಟಿನ ಭಾಷೆ?’

‘ಭಾಗಾಕಾರ. ನಾನು ಬಿ.ಎಸ್ಸಿ.’

ಅವನು ನಂಬಲಿಲ್ಲ. ಪಕ್ಕದಲ್ಲೇ ಕೂತು, ನನ್ನ ಪೆನ್ಸಿಲಿನಿಂದಲೇ, ಎಂಬತ್ತಮೂರರಿಂದ ಭಾಗಿಸಿದ. ಮುಖ ಗಟ್ಟಿಯಾಯಿತು.

‘ಎಪ್ಪತ್ತೈದು ಉಳಿಯುತ್ತದೆ. ನೀನು ಎಪ್ಪತ್ತನಾಲ್ಕು ಬರೆದಿದ್ದಿ. ಮೇಲಿಂದ ಬಿ.ಎಸ್ಸಿ. ಅಂತ ಸುಳ್ಳು ಬೇರೆ!’

೪. ಸೋಮವಾರ

ಪೊಲೀಸಿನವನು ತನ್ನೆದುರೇ ತಿದ್ದಿಸಿ ಬಿಟ್ಟ. ಆದರೆ ಒಂದು ತಪ್ಪಿದ್ದರೆ ಇನ್ನೊಂದು ಇರಬಾರದೇ? ರಾತ್ರಿಯಿಡೀ ಕೂತೆ. ಮೊದಲಿನಿಂದ ಅಷ್ಟನ್ನೂ ಮತ್ತೆ ಮಾಡಿದೆ. ಬೆಳಿಗ್ಗೆ ಕಾಗದದ ಕಟ್ಟನ್ನು ಪ್ರೊಫೆಸರರ ಮೇಜಿನ ಮೇಲಿಟ್ಟೆ.

‘ಅವಿಭಾಜ್ಯ ಸರ್. ನೂರ ಅರುವತ್ತೆರಡು ಭಾಗಾಕಾರ. ಎರಡೆರಡು ಸಲ.’

ಅವರು ಕಟ್ಟನ್ನು ಕೈಯಲ್ಲೆತ್ತಿ ತೂಗಿದರು.

‘ಉತ್ತರ ಸರಿ. ಆದರೆ ಇದನ್ನು ಹನ್ನೊಂದರಿಂದ ಗುಣಿಸಿದರೆ ಒಂದು ಕೋಟಿಯ ಮೇಲೆ ಒಂದು. ಹಾಗಾಗಿ ಇದನ್ನು ಭಾಗಿಸುವ ಅವಿಭಾಜ್ಯ ಇದ್ದರೆ, ಅದನ್ನು ಹದಿನಾಲ್ಕರಿಂದ ಭಾಗಿಸುವಾಗ ಒಂದು ಉಳಿಯಲೇಬೇಕು. ಅಂಥವು ಇಪ್ಪತ್ತೇಳೇ ಉಂಟು. ಇನ್ನೊಬ್ಬ ಅಷ್ಟನ್ನೇ ನೋಡಿ ಶುಕ್ರವಾರ ಸಂಜೆಯೇ ಉತ್ತರ ಕೊಟ್ಟು ಹೋದ.’

‘ಹಾಗಾದರೆ ಕೆಲಸ ಅವನಿಗೆ?’

‘ಛೆ! ಅಷ್ಟು ಬುದ್ಧಿ ಇರುವವನು ಇಲ್ಲಿ ಎಷ್ಟು ದಿನ ನಿಂತಾನು? ಇನ್ನೂರು ಹುಡುಗರ ಉತ್ತರಪತ್ರಿಕೆ ತಿದ್ದಲಿಕ್ಕುಂಟು. ಅದಕ್ಕೆ ನೀನೇ ಆಗಬೇಕು.’